ಒಂದು ಬೆರಳು ಕಡಿಮೆ

ಆ ಪಾರ್ಕಿನಲ್ಲಿ ನೋಡುವಂಥದ್ದು ಏನಾದರೂ ಇದ್ದರೆ ಅದು ಕ್ಯೂ ಒಂದೇ, ಮಿಕ್ಕಿದ್ದೆಲ್ಲ ಬರೀ ಸದ್ದು ಎಂಬುದು ಅಳತೆಯಕ್ಕನ ಅಭಿಪ್ರಾಯ. ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಯಾರಪ್ಪನ ಗಂಟೂ ಹೋಗುತ್ತಿರಲಿಲ್ಲ. ಆದರೆ ಅವಳದು ಸುಮ್ಮನಿರುವ ಬಾಯಲ್ಲ. ವರ್ಷಕ್ಕೊಮ್ಮೆ ಮ್ಯಾನೇಜರು ಕೆಲಸದವರನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ, ಬಂದವರಿಗೆ ಇನ್ನೂ ಖುಷಿಯಾಗಬೇಕಾದರೆ ಏನು ಮಾಡಬೇಕು, ಸಂಕೋಚವಿಲ್ಲದೆ ಹೇಳಿ ಎಂದರು. ಅಳತೆಯಕ್ಕ ನಿಜಕ್ಕೂ ಸಂಕೋಚವಿಲ್ಲದೆ ಎದ್ದು ನಿಂತು, ರೈಡುಗಳನ್ನೆಲ್ಲ ಬಿಚ್ಚಿ ಗುಜರಿಗೆ ಹಾಕಿ, ಕ್ಯೂ ಮಾತ್ರ ಉಳಿಸಿಕೊಳ್ಳಿ ಎಂದಳು. ತಟ್ಟೆ ಹಿಡಿದು ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಮ್ಯಾನೇಜರು ನಗಲಿಲ್ಲ, ಬರೆದುಕೊಳ್ಳಲೂ ಇಲ್ಲ.

ಅವಳು ತಮಾಷೆಗೆ ಹೇಳಿದ್ದಲ್ಲ. ಇಪ್ಪತ್ತೊಂದು ವರ್ಷದಿಂದ ದೊಡ್ಡಣ್ಣನ ಬಾಗಿಲಲ್ಲಿ ನಿಂತವಳು ಅವಳು. ದೊಡ್ಡಣ್ಣ ಎಂದರೆ ಅಲ್ಲಿನ ಅತಿ ಎತ್ತರದ ರೋಲರ್ ಕೋಸ್ಟರು. ಬೋರ್ಡಿನ ಮೇಲೆ ಬೇರೇನೋ ಭಯಂಕರ ಹೆಸರಿದೆ, ಕೆಲಸದವರ ಬಾಯಲ್ಲಿ ಮಾತ್ರ ಅದು ದೊಡ್ಡಣ್ಣ. ಅದು ಓಡುವುದು ಲೆಕ್ಕಕ್ಕೆ ಎರಡು ನಿಮಿಷವೂ ಇಲ್ಲ. ಹತ್ತಿದವರಲ್ಲಿ ಮುಕ್ಕಾಲು ಪಾಲು ಜನ ಮೊದಲ ಇಳಿಜಾರಿಗೇ ಕಣ್ಣು ಮುಚ್ಚುತ್ತಾರೆ. ಕಣ್ಣು ಮುಚ್ಚಿಕೊಂಡು ಅನುಭವಿಸುವ ಸುಖಕ್ಕೆ ಇಷ್ಟೊಂದು ಕಬ್ಬಿಣ ಯಾಕೆ ಬೇಕು ಎಂದು ಅಳತೆಯಕ್ಕ ಕೇಳುವಳು. ಇಳಿದವರು ಮೊದಲು ಕೇಳುವುದು ಟಾಯ್ಲೆಟ್ ಎಲ್ಲಿ ಅಂತ. ಕ್ಯೂನಲ್ಲಿ ಹಾಗಲ್ಲ. ಕಬ್ಬಿಣದ ಕಟಕಟೆ ಏಳು ಸುತ್ತು ಮಡಚಿಕೊಂಡಿರುವ ಆ ಜಾಗದಲ್ಲಿ ಒಂದೂಕಾಲು ಗಂಟೆ ಯಾರೂ ಎಲ್ಲಿಗೂ ಹೋಗುವಂತಿಲ್ಲ, ಅದಕ್ಕೇ ಒಬ್ಬರಿಗೊಬ್ಬರು ಸಿಗುತ್ತಾರೆ. ಮೊದಲ ಸುತ್ತಿನಲ್ಲಿ ಮುಖ ಊದಿಸಿಕೊಂಡಿದ್ದ ಗಂಡಹೆಂಡಿರು ನಾಲ್ಕನೇ ಸುತ್ತಿಗೆ ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತಾರೆ. ಮಕ್ಕಳು ಅಜ್ಜಿಯ ಮೈಗೆ ಒರಗಿಕೊಂಡು ಶಾಲೆಯ ಗುಟ್ಟು ಹೇಳುತ್ತಾರೆ.

ಈ ಅಭಿಪ್ರಾಯ ಅವಳಿಗೆ ಪಾರ್ಕಿನಲ್ಲಿ ಹುಟ್ಟಿದ್ದಲ್ಲ. ಬಡಗಿಯಾಗಿದ್ದ ಅವಳ ಗಂಡ ಕಾಯಿಲೆ ಬಿದ್ದ ವರ್ಷ, ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಮುಂದೆ ಇಬ್ಬರೂ ಬೆಳಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಸಾಲಿನಲ್ಲಿ ಕೂತಿದ್ದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆಡದ ಮಾತುಗಳನ್ನು ಆ ಬೆಂಚಿನ ಮೇಲೆ ಆಡಿದ ಪುಣ್ಯಾತ್ಮ. ಮೊದಲ ಸಲ ಅವಳನ್ನು ನೋಡಿದಾಗ ಅವಳ ಚಪ್ಪಲಿಯ ಉಂಗುಷ್ಟ ಕಿತ್ತಿತ್ತು ಎಂಬುದನ್ನೂ ನೆನಪಿಟ್ಟುಕೊಂಡಿದ್ದ. ನರ್ಸು ಬಂದು ಅವನ ನಂಬರು ಕೂಗಿದಾಗ ಅಳತೆಯಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಆಮೇಲೆ ಬರೀ ಮಷೀನುಗಳು, ಅವನು ಹೋಗುವವರೆಗೂ ಮಾತಿಗೆ ಪುರುಸೊತ್ತೇ ಸಿಗಲಿಲ್ಲ.

ಅವಳ ಕೆಲಸ ಹೆಸರೇ ಹೇಳುವಂತೆ ಅಳೆಯುವುದು. ಕ್ಯೂ ಶುರುವಾಗುವಲ್ಲಿ ಒಂದು ಮರದ ಕಂಬ, ಅದರ ಮೇಲೆ ನೂರ ಇಪ್ಪತ್ತು ಸೆಂಟಿಮೀಟರಿಗೆ ಕೆಂಪು ಅಡ್ಡಪಟ್ಟಿ. ಮಗುವಿನ ತಲೆ ಪಟ್ಟಿಗೆ ತಾಗಿದರೆ ಒಳಗೆ, ತಾಗದಿದ್ದರೆ ಬಂದ ದಾರಿಗೆ. ಮೊದಲ ಸಲ ತಾಗಿದ ಮಗುವಿಗೆ ಕಂಬದ ಹಿತ್ತಾಳೆ ಗಂಟೆ ಹೊಡೆಯಬೇಕು, ಕ್ಯೂನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಬೇಕು. ಈ ಗಂಟೆಗಾಗಿ ಮಕ್ಕಳು ಆಡದ ಆಟವಿಲ್ಲ. ಶೂನೊಳಗೆ ಪೇಪರು ತುರುಕುವುದು, ಮೂರು ಜೊತೆ ಕಾಲುಚೀಲ, ನೆತ್ತಿಯ ಮೇಲೆ ಗೋಪುರದಂಥ ತುರುಬು. ತುರುಬನ್ನು ಅಳತೆಯಕ್ಕ ಅಂಗೈಯಲ್ಲಿ ಅದುಮಿಬಿಡುವಳು. ತುದಿಗಾಲನ್ನು ಕಾಲು ನೋಡದೆ, ಕತ್ತಿನ ನರ ನೋಡಿಯೇ ಹಿಡಿಯುವಳು. ತನ್ನ ಕಣ್ಣಿಗೆ ಮಣ್ಣೆರಚಿದ ಮಗು ಇನ್ನೂ ಹುಟ್ಟಿಲ್ಲ ಎಂಬ ಜಂಬ ಅವಳಿಗಿತ್ತು. ಮೇಲಿನ ಪ್ಲಾಟ್‌ಫಾರಮ್ಮಿನಲ್ಲಿ ಗುಂಡಿ ಒತ್ತುವ ಆಪರೇಟರು ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಅಕ್ಕಾ ಅಕ್ಕಾ ಎನ್ನುತ್ತಲೇ ಕಾಲೆಳೆಯುವ ಗಿರಾಕಿ. ಜಂಬಕ್ಕೂ ಒಂದು ಅಡ್ಡಪಟ್ಟಿ ಹಾಕಿಸಬೇಕು, ನಿನ್ನನ್ನೇ ಮೊದಲು ನಿಲ್ಲಿಸಬೇಕು ಎನ್ನುತ್ತಿದ್ದ.

ಪ್ರತಿ ತಿಂಗಳ ಮೊದಲ ಭಾನುವಾರ ಒಬ್ಬ ಅಪ್ಪ, ಒಬ್ಬಳು ಮಗಳು ಬರುತ್ತಿದ್ದರು. ಅಪ್ಪ ಸಣಕಲು ಆಳು, ದರ್ಜಿ. ಅಂಗಿಯ ಎಡ ಅಂಚಿನಲ್ಲಿ ಯಾವಾಗಲೂ ಒಂದೆರಡು ಗುಂಡುಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದ, ರಜೆಯ ದಿನವೂ ತೆಗೆಯಲು ಮರೆತವನಂತೆ. ಮಗಳಿಗೆ ಒಂಬತ್ತು ದಾಟಿತ್ತು. ಅವನೇ ಹೊಲಿದ, ಪಾದದವರೆಗೆ ಬರುವ ನೀಲಿ ಲಂಗ ತೊಟ್ಟು ಬರುತ್ತಿದ್ದಳು. ಅವಳಿಗೆ ಐದು ವರ್ಷವಿದ್ದಾಗ ಅಪ್ಪ ಮಾತು ಕೊಟ್ಟಿದ್ದನಂತೆ: ನಿನ್ನ ತಲೆ ಕೆಂಪು ಪಟ್ಟಿಗೆ ತಾಗಿದ ದಿನ ನಾನೂ ನೀನೂ ಜೊತೆಗೆ ದೊಡ್ಡದರಲ್ಲಿ ಹೋಗೋಣ ಅಂತ. ಪ್ರತಿ ತಿಂಗಳೂ ಮಗಳು ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುವಳು. ಒಂದು ಬೆರಳು ಕಡಿಮೆ. ಅಪ್ಪ ಹಣೆ ಚಚ್ಚಿಕೊಂಡು, ಅಯ್ಯೋ ಒಂದೇ ಒಂದು ಬೆರಳು ಎಂದು ಕ್ಯೂಗೆಲ್ಲ ಕೇಳುವಂತೆ ಗೋಳಾಡುವನು. ಮಗಳು ತುಟಿ ಮುಂದೆ ಮಾಡುವಳು. ಆಮೇಲೆ ಇಬ್ಬರೂ ಕೈ ಬೀಸಿಕೊಂಡು ಬಾತುಕೋಳಿ ದೋಣಿಯ ಕಡೆ ಹೋಗುವರು. ಬಾತುಕೋಳಿ ದೋಣಿ ಎಂದರೆ ಮೊಣಕಾಲುದ್ದದ ನೀರಿನಲ್ಲಿ ಇಪ್ಪತ್ತು ನಿಮಿಷ ತೆವಳುವ ರೈಡು, ಪಾರ್ಕಿನಲ್ಲಿ ಯಾರಿಗೂ ಬೇಡವಾದದ್ದು. ಅಳತೆಯಕ್ಕ ಒಪ್ಪುತ್ತಿದ್ದ ರೈಡು ಅದೊಂದೇ.

ತಿರಸ್ಕೃತರಾದ ಮಕ್ಕಳೇ ಅದೃಷ್ಟವಂತರು, ಇಡೀ ದಿನ ದೊಡ್ಡವರು ಅವರನ್ನು ಸಮಾಧಾನ ಮಾಡುತ್ತಾ ಜೊತೆಗೇ ಇರುತ್ತಾರೆ ಎಂಬುದೂ ಅವಳ ಇನ್ನೊಂದು ಅಭಿಪ್ರಾಯ. ಇದನ್ನು ಕೇಳಿದವರು ಅವಳಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡರು. ಅವಳು ಮಾತ್ರ ಸಾಕ್ಷಿಗೆ ಈ ಅಪ್ಪಮಗಳನ್ನು ತೋರಿಸುತ್ತಿದ್ದಳು.

ಹೀಗೆ ತಿಂಗಳುಗಳು ಕಳೆದವು. ಒಂದು ಭಾನುವಾರ ಅಳತೆಯಕ್ಕನ ಕಣ್ಣು ಲಂಗದ ಅಂಚಿನ ಮೇಲೆ ಬಿತ್ತು. ಅಂಚಿನ ಮೇಲ್ಗಡೆ ಮೂರು ಮಾಸಲು ಗೆರೆಗಳಿದ್ದವು, ಹಳೆಯ ಮಡಿಕೆ ಬಿಚ್ಚಿ ಬಿಚ್ಚಿ ಇಳಿಸಿದ ಗುರುತು. ಒಂದೊಂದೂ ಎರಡು ಬೆರಳ ಅಂತರ. ಲಂಗ ಆರು ಬೆರಳು ಇಳಿದಿದೆ, ಹುಡುಗಿ ಮಾತ್ರ ಒಂದೂವರೆ ವರ್ಷದಿಂದ ಅದೇ ಒಂದು ಬೆರಳು ಕಡಿಮೆ! ಇದು ಹೇಗೆ ಸಾಧ್ಯ ಎಂದು ಅಳತೆಯಕ್ಕ ಅವರು ಹೋಗುವಾಗ ಹಿಂದಿನಿಂದ ನೋಡಿದಳು. ನಡೆಯುವಾಗ ಲಂಗದ ಕೆಳಗೆ ಶೂ ಪೂರ್ತಿ ಕಾಣುತ್ತಿತ್ತು. ಕಂಬದ ಹತ್ತಿರ ನಿಂತಾಗ ಲಂಗ ನೆಲಕ್ಕೆ ಮಡಿಚಿ ಬಿದ್ದಿತ್ತು, ಶೂ ಕಂಡಿರಲಿಲ್ಲ. ಹುಡುಗಿ ಲಂಗದೊಳಗೆ ಮೊಣಕಾಲು ಬಗ್ಗಿಸಿ ನಿಲ್ಲುತ್ತಿದ್ದಾಳೆ.

ಎತ್ತರ ಕದಿಯುವವರನ್ನು ಸಾವಿರ ಕಂಡವಳು, ಎತ್ತರ ಬಚ್ಚಿಡುವವಳನ್ನು ಕಂಡಿದ್ದು ಅದೇ ಮೊದಲು. ಒಂದೂವರೆ ವರ್ಷ ಒಂದು ಚೋಟು ಹುಡುಗಿ ತನ್ನ ಕಣ್ಣಿಗೆ ಮಣ್ಣೆರಚಿದಳಲ್ಲ ಎಂದು ಅವಳ ಹೊಟ್ಟೆ ಉರಿಯಿತು. ಚಹದ ಹೊತ್ತಿಗೆ ಬಾಯಿ ತಡೆಯದೆ ಆಪರೇಟರನಿಗೆ ಹೇಳಿದಳು. ಅವನು ಗೋಡೆ ಹಿಡಿದುಕೊಂಡು ನಕ್ಕ. ಪಾಪ, ಹೆದರಿಕೆ ಇರಬೇಕು ಬಿಡಕ್ಕ ಎಂದ. ಹೆದರಿಕೆಯಾದರೆ ಬಾಯಿ ಬಿಟ್ಟು ಹೇಳಲಿ, ನನ್ನ ಕಂಬದ ಮುಂದೆ ನಾಟಕ ಬೇಡ ಎಂದು ಅವಳು ಲೋಟ ಕುಕ್ಕಿದಳು. ಇಷ್ಟು ಅಭಿಪ್ರಾಯಗಳಿದ್ದ ಹೆಂಗಸಿಗೆ ಅವತ್ತು ತನ್ನದೇ ಅಭಿಪ್ರಾಯ ಒಂದೂ ನೆನಪಾಗಲಿಲ್ಲ.

ಮುಂದಿನ ತಿಂಗಳು ಅವರು ಬಂದರು. ಹುಡುಗಿ ಕಂಬಕ್ಕೆ ಬೆನ್ನು ಕೊಟ್ಟಳು. ಅಪ್ಪ ಎಂದಿನಂತೆ ಎದುರಿಗೆ ನಿಂತು, ಗೋಳಾಡಲು ಕೈಯನ್ನು ಹಣೆಯ ಹತ್ತಿರ ತಯಾರಾಗಿ ಇಟ್ಟುಕೊಂಡಿದ್ದ. ಅಳತೆಯಕ್ಕ ಒಂದು ಕೈಯಿಂದ ಹುಡುಗಿಯ ಬೆನ್ನು ಒತ್ತಿ, ಇನ್ನೊಂದು ಕೈಯಿಂದ ಲಂಗದ ಮೇಲೆಯೇ ಮೊಣಕಾಲನ್ನು ಹಿಂದಕ್ಕೆ ತಳ್ಳಿದಳು.

"ನೆಟ್ಟಗೆ ನಿಲ್ಲಮ್ಮಾ. ನನ್ನ ಹತ್ರಾನಾ ಈ ಆಟ?"

ಹುಡುಗಿ ನೆಟ್ಟಗಾದಳು. ತಲೆ ಪಟ್ಟಿಗೆ ತಾಗುವುದಿರಲಿ, ಪಟ್ಟಿಯೇ ಅವಳ ಕಿವಿಯ ಮೇಲ್ತುದಿಗೆ ಬಂತು. ಅಳತೆಯಕ್ಕ ಗಂಟೆಯ ಹಗ್ಗ ಎಳೆದಳು. ಏಳು ಸುತ್ತಿನ ಜನ ಚಪ್ಪಾಳೆ ತಟ್ಟಿದರು, ಯಾರೋ ಸಿಳ್ಳೆ ಹಾಕಿದರು. ಅಪ್ಪನ ಕೈ ಹಣೆಯ ಹತ್ತಿರವೇ ಉಳಿದಿತ್ತು. ಹುಡುಗಿ ತಲೆಯೆತ್ತಿ ಅಳತೆಯಕ್ಕನನ್ನು ನೋಡಿದಳು. ಸಿಕ್ಕಿಬಿದ್ದ ಮಕ್ಕಳ ಮುಖ ಅಳತೆಯಕ್ಕನಿಗೆ ಚೆನ್ನಾಗಿ ಗೊತ್ತು, ಇದು ಆ ಮುಖ ಅಲ್ಲ. ಅಳತೆಯಕ್ಕ ಗಂಟೆಯ ಹಗ್ಗವನ್ನು ಥಟ್ಟನೆ ಬಿಟ್ಟಳು. ಯಾಕೆಂದು ಮಾತ್ರ ಗೊತ್ತಾಗಲಿಲ್ಲ.

ಅಪ್ಪ ಕೈ ಇಳಿಸಿ, ನಗು ತಂದುಕೊಂಡು, ಕೊಟ್ಟ ಮಾತು ಕೊಟ್ಟ ಮಾತೇ, ನಡಿ ಎಂದ. ಪಕ್ಕದ ಬೋರ್ಡಿನಲ್ಲಿ ಬರೆದಿದ್ದನ್ನು ಅಳತೆಯಕ್ಕ ರೂಢಿಯಂತೆ ಒಪ್ಪಿಸಿದಳು: ಬೆನ್ನುನೋವು, ಹೃದಯದ ತೊಂದರೆ, ಬಸಿರು ಇದ್ದವರು ಹತ್ತುವಂತಿಲ್ಲ. ಅವನು ತಲೆಯಾಡಿಸಿ ಮಗಳ ಕೈ ಹಿಡಿದು ಒಳಗೆ ಹೋದ.

ಕ್ಯೂನ ನಾಲ್ಕನೇ ಸುತ್ತು ಕಂಬದ ಹಿಂಬದಿಯಲ್ಲೇ ಹಾದುಹೋಗುತ್ತದೆ. ಮುಕ್ಕಾಲು ಗಂಟೆಯ ಮೇಲೆ ಅಳತೆಯಕ್ಕನ ಸೆರಗನ್ನು ಹಿಂದಿನಿಂದ ಯಾರೋ ಎಳೆದಂತಾಯಿತು. ಕಟಕಟೆಯ ಆಚೆ ಹುಡುಗಿ ಒಬ್ಬಳೇ ನಿಂತಿದ್ದಳು. ಅಪ್ಪ ಅವಳಿಗೆ ಜಾಗ ಹಿಡಿದಿರಲು ಹೇಳಿ, ಕಟಕಟೆ ದಾಟಿ ಊಟದ ಚೀಲವನ್ನು ಲಾಕರಿನಲ್ಲಿ ಇಟ್ಟುಬರಲು ಹೋಗಿದ್ದ.

"ಆಂಟಿ, ನಾನಿನ್ನೂ ಕುಳ್ಳಿ ಅಂತ ಹೇಳಿಬಿಡಿ," ಎಂದಳು ಹುಡುಗಿ. "ಅಪ್ಪನ ಎದೆಯೊಳಗೆ ಮಷೀನು ಇಟ್ಟಿದ್ದಾರೆ. ಕುಲುಕಾಟ ಆಗಬಾರದಂತೆ. ಬಸ್ಸಲ್ಲಿ ಹಿಂದಿನ ಸೀಟಲ್ಲೂ ಕೂರಬಾರದಂತೆ. ಡಾಕ್ಟ್ರು ಅಮ್ಮನಿಗೆ ಹೇಳಿದ್ದು ಬಾಗಿಲ ಹಿಂದೆ ಕೇಳಿಸ್ಕೊಂಡೆ."

ಅಳತೆಯಕ್ಕ ಕಟಕಟೆಯ ಕಡೆ ಬಗ್ಗಿದಳು. ನಿನಗೆ ಭಯ ಅಂತಾದರೂ ಅಪ್ಪನಿಗೆ ಹೇಳಬಾರದಿತ್ತೇ ಎಂದು ಕೇಳಿದಳು. ಹುಡುಗಿ ತಲೆ ಅಲ್ಲಾಡಿಸಿದಳು. ಚುಚ್ಚುಮದ್ದಿಗೆ ಹೆದರಿದಾಗ ಅಪ್ಪ ಮೊದಲು ತಾನೇ ತೋಳು ಚಾಚಿ ಚುಚ್ಚಿಸಿಕೊಂಡಿದ್ದನಂತೆ. ನಾಯಿಗೆ ಹೆದರಿದಾಗ ನಾಯಿಯ ಬಾಯಿಗೆ ಕೈ ಇಟ್ಟಿದ್ದನಂತೆ. ಭಯ ಅಂದರೆ ಒಬ್ಬನೇ ಹತ್ತಿ, ಏನೂ ಆಗಲ್ಲ ನೋಡು ಅಂತ ತೋರಿಸಿಬಿಡುತ್ತಾನೆ ಎಂದಳು.

"ನಂಗೆ ಗೊತ್ತು ಅಂತ ಅಪ್ಪನಿಗೆ ಗೊತ್ತಿಲ್ಲ. ಗೊತ್ತಾದ್ರೆ ತುಂಬಾ ಬೇಜಾರು ಮಾಡ್ಕೋತಾನೆ."

ಅಷ್ಟರಲ್ಲಿ ಅಪ್ಪ ಬಂದ. ಕ್ಯೂ ಮುಂದೆ ಸರಿಯಿತು. ಅಳತೆಯಕ್ಕ ಮೂರ್ನಾಲ್ಕು ಮಕ್ಕಳನ್ನು ನೋಡದೆಯೇ ಒಳಗೆ ಬಿಟ್ಟಳು. ಇಪ್ಪತ್ತೊಂದು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಅಪ್ಪಮಗಳು ಏಳನೇ ಸುತ್ತು ಮುಟ್ಟುವ ಹೊತ್ತಿಗೆ ಕಂಬಕ್ಕೆ ‘ಮುಚ್ಚಿದೆ’ ಫಲಕ ತಗುಲಿಸಿ, ನೋವಿನ ಮಂಡಿ ಹಿಡಿದುಕೊಂಡು ಪ್ಲಾಟ್‌ಫಾರಮ್ಮಿನ ನಲವತ್ತೆರಡು ಮೆಟ್ಟಿಲು ಹತ್ತಿದಳು. ಏನು ಹೇಳಬೇಕೆಂದು ಮೆಟ್ಟಿಲ ಮೇಲೆ ಯೋಚಿಸಿದ್ದು ಒಂದೇ: ತಾನು ಸುಳ್ಳಿ ಆಗಬೇಕು, ಅಷ್ಟೇ.

ಮೇಲೆ ಹೋಗುವ ಹೊತ್ತಿಗೆ ಅಪ್ಪಮಗಳ ಮುಂದೆ ಆರೇ ಜನ ಉಳಿದಿದ್ದರು. ಅಲ್ಲಿಯೂ ಒಂದು ಕಂಬ, ಅನುಮಾನ ಬಂದರೆ ಮತ್ತೆ ಅಳೆಯಲೆಂದು ಬಣ್ಣದ ಗೆರೆ. ಕೆಳಗಿನ ಪಟ್ಟಿ ಬೆಳಗ್ಗೆ ಸರಿದಿತ್ತು, ಇನ್ನೊಮ್ಮೆ ನೋಡಬೇಕು ಎಂದು ಅಳತೆಯಕ್ಕ ಗಟ್ಟಿಯಾಗಿ ಹೇಳಿದಳು. ಆಪರೇಟರು ಹುಬ್ಬೇರಿಸಿ, ಗಂಟೆ ಹೊಡೆದವಳು ನೀನೇ ಅಲ್ವೇನಕ್ಕಾ ಎಂದ. ಅವಳು ಅವನ ಕಡೆ ನೋಡಲಿಲ್ಲ. ಹುಡುಗಿ ಗೆರೆಗೆ ಬೆನ್ನು ಕೊಟ್ಟು ನಿಂತಳು. ತಲೆ ಮೆಲ್ಲಗೆ ಇಳಿಯಿತು.

"ಒಂದು ಬೆರಳು ಕಡಿಮೆ," ಎಂದಳು ಅಳತೆಯಕ್ಕ.

ಕೆಳಗಿನ ಕಂಬದಲ್ಲಿ ಅಪ್ಪ ಎದುರಿಗೆ ನಿಲ್ಲುತ್ತಿದ್ದ. ಇಲ್ಲಿ ಜಾಗ ಕಿರಿದು, ಪಕ್ಕದಲ್ಲಿ ನಿಂತಿದ್ದ. ಲಂಗ ಮುಂದಕ್ಕೆ ಉಬ್ಬಿದ್ದು, ಅಂಚು ನೆಲದ ಮೇಲೆ ಮಡಿಚಿದ್ದು, ಒಳಗೆ ಕಾಲು ಗಡಗಡ ನಡುಗುವುದು ಅವನಿಗೆ ಕಾಣಿಸುತ್ತಿತ್ತು. ಮಗಳು ಅವನನ್ನು ನೋಡುತ್ತಿರಲಿಲ್ಲ, ಅಳತೆಯಕ್ಕನನ್ನು ನೋಡುತ್ತಿದ್ದಳು. ಅಳತೆಯಕ್ಕ ಅವನ ಎದೆಯನ್ನು ನೋಡುತ್ತಿದ್ದಳು. ಅವನು ಇಬ್ಬರನ್ನೂ ನೋಡಿ, ತನ್ನ ಅಂಗಿಯ ಎಡಬದಿಯನ್ನು ಕೈಯಿಂದ ಮುಚ್ಚಿಕೊಂಡ.

"ನಾನು ದರ್ಜಿ ಕಣಮ್ಮ," ಎಂದ, ಅಳತೆಯಕ್ಕನಿಗೋ ಮಗಳಿಗೋ ತಿಳಿಯದಂತೆ. "ನನ್ನ ಮಗಳ ಎತ್ತರ ನನಗೆ ಗೊತ್ತಿಲ್ವಾ? ಇವಳಿಗೆ ಭಯ ಅಂದ್ಕೊಂಡಿದ್ದೆ. ಕಾಲು ಕಾಣದೆ ಇರಲಿ ಅಂತ ನಾನೇ ಲಂಗ ಉದ್ದ ಬಿಡ್ತಿದ್ದೆ."

ಹಿಂದಿನವರು ಗೊಣಗಲು ಶುರು ಮಾಡಿದರು. ಆಪರೇಟರು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದ. ಹುಡುಗಿ ಇನ್ನೂ ಮೊಣಕಾಲು ಬಗ್ಗಿಸಿಕೊಂಡೇ ಇದ್ದಳು.

"ಸಾಕು ಕಂದ. ನೆಟ್ಟಗೆ ನಿಲ್ಲು."

"ಮೊದಲು ಕೆಳಗೆ ಹೋಗೋಣ ಅನ್ನು."

"ಹೋಗೋಣ."

ಆಗ ಅವಳು ನೆಟ್ಟಗಾದಳು. ಹತ್ತಲು ಹೆದರಿದವರು ಇಳಿದುಹೋಗುವ ಸಣ್ಣ ಗೇಟನ್ನು ಅಳತೆಯಕ್ಕ ತೆಗೆದು ಹಿಡಿದಳು. ಅಪ್ಪ ಅವಳನ್ನು ದಾಟಿ ಹೋಗುವಾಗ ಒಂದು ಕ್ಷಣ ನಿಂತು, ಹತ್ತುವ ಹೊತ್ತಿಗೆ ಏನಾದರೂ ನೆವ ಹೇಳೋಣ ಅಂತಿದ್ದೆ, ಹೊಳೆಯಲೇ ಇಲ್ಲ ಎಂದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅಳತೆಯಕ್ಕನಿಗೆ. ಮೇಲಿನಿಂದ ಅವಳು ಅವರನ್ನೇ ನೋಡುತ್ತಾ ನಿಂತಳು. ಅವತ್ತು ಅವರು ಬಾತುಕೋಳಿ ದೋಣಿಯ ಕಡೆ ತಿರುಗಲಿಲ್ಲ. ಯಾವಾಗಲೂ ಅಪ್ಪ ಮಗಳ ಕೈ ಹಿಡಿಯುತ್ತಿದ್ದ. ಅವತ್ತು ಮಗಳು ಅಪ್ಪನ ಮೊಣಕೈ ಹಿಡಿದು, ಮುದುಕರನ್ನು ರಸ್ತೆ ದಾಟಿಸುವವರಂತೆ ನಿಧಾನವಾಗಿ ನಡೆಸಿಕೊಂಡು, ನೇರ ದೊಡ್ಡ ಗೇಟಿನಿಂದ ಹೊರಗೆ ಹೋದಳು.

ಮುಂದಿನ ತಿಂಗಳು ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಮೊದಲ ಭಾನುವಾರ ಬಂದರೆ ಅಳತೆಯಕ್ಕ ಬೆಳಗ್ಗೆಯಿಂದ ಗೇಟಿನ ಕಡೆಗೇ ಕತ್ತು ಹೊರಳಿಸುತ್ತಿದ್ದಳು. ನೀನು ಒಂದು ಜೀವ ಉಳಿಸಿದೆ ಅಂದುಕೋ ಅಕ್ಕ ಎಂದು ಆಪರೇಟರು ಸಮಾಧಾನ ಹೇಳಿದ. ಅವಳಿಗೆ ಅದು ತಲೆಗೆ ಹತ್ತಲಿಲ್ಲ. ಉಳಿಸುವ ಕೆಲಸವನ್ನು ಆ ಹುಡುಗಿ ಒಂದೂವರೆ ವರ್ಷದಿಂದ ತಾನೇ ಮಾಡಿಕೊಂಡು ಬಂದಿದ್ದಳು, ಯಾರ ಸಹಾಯವೂ ಇಲ್ಲದೆ, ಯಾರಿಗೂ ನೋವಾಗದಂತೆ. ಅವಳು ಬಗ್ಗುತ್ತಿದ್ದಳು, ಅವನು ಹೊಲಿಯುತ್ತಿದ್ದ, ಇಬ್ಬರೂ ದೋಣಿಯಲ್ಲಿ ಕೂತು ನಗುತ್ತಿದ್ದರು. ತನ್ನ ಕಣ್ಣಿನ ಜಂಬಕ್ಕೆ ಅದನ್ನೆಲ್ಲ ಎಳೆದು ನೆಟ್ಟಗೆ ನಿಲ್ಲಿಸಿದವಳು ತಾನು. ಮನೆಯಲ್ಲಿ ಒಬ್ಬಳೇ ಅನ್ನಕ್ಕೆ ನೀರಿಡುವಾಗ ಇದು ನೆನಪಾದರೆ ಒಲೆ ಹಚ್ಚುವುದನ್ನೇ ಮರೆತು ನಿಂತುಬಿಡುತ್ತಿದ್ದಳು. ಕ್ಯಾಂಟೀನಿನಲ್ಲಿ ಅಭಿಪ್ರಾಯ ಹೇಳುವುದನ್ನು ಬಿಟ್ಟಳು. ಆ ವರ್ಷದ ಸಭೆಯಲ್ಲಿ ಮ್ಯಾನೇಜರೇ ಅವಳ ಕಡೆ ತಿರುಗಿ, ಈ ಸಲ ಏನು ಬಿಚ್ಚೋಣಮ್ಮ ಎಂದು ತಮಾಷೆ ಮಾಡಿದರು. ಅವಳು ಏನೂ ಇಲ್ಲ ಸಾರ್ ಎಂದಳು.

ಹದಿನಾಲ್ಕು ತಿಂಗಳ ಮೇಲೆ, ಒಂದು ಮೊದಲ ಭಾನುವಾರ, ಅವನೇ ನಡೆದು ಬರುತ್ತಿದ್ದಾನೆ ಎನಿಸಿ ಅಳತೆಯಕ್ಕ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಅದೇ ಸಣಕಲು ಮೈ, ಅದೇ ನಡಿಗೆ. ಹತ್ತಿರ ಬಂದಾಗ ವಯಸ್ಸು ಚಿಕ್ಕದು ಎಂದು ಗೊತ್ತಾಯಿತು. ಅಂಗಿಯ ಅಂಚಿನಲ್ಲಿ ಗುಂಡುಪಿನ್ನು ಇರಲಿಲ್ಲ. ಅವನ ಪಕ್ಕದಲ್ಲಿ ಹುಡುಗಿ. ಎಷ್ಟು ಬೆಳೆದಿದ್ದಾಳೆ! ಪಕ್ಕದವನ ಭುಜಕ್ಕೆ ಬಂದಿದ್ದಳು. ತೊಟ್ಟಿದ್ದು ಅದೇ ನೀಲಿ ಲಂಗ, ಈಗ ಕಣಕಾಲಿಗಿಂತ ಗೇಣು ಮೇಲೆ ನಿಂತಿತ್ತು. ಅಂಚಿನ ಮೇಲಿನ ಮಾಸಲು ಗೆರೆಗಳು ಮೂರೇ ಇದ್ದವು. ನಾಲ್ಕನೆಯದನ್ನು ಬಿಚ್ಚುವವರು ಇರಲಿಲ್ಲ.

ಬಂದವನು ಅವಳ ಚಿಕ್ಕಪ್ಪ, ಮಾತುಗಾರ. ಅಣ್ಣ ಹೋಗಿ ಮೂರು ತಿಂಗಳಾಯಿತು, ಮನೆಯಲ್ಲಿ ಮಲಗಿದ್ದಲ್ಲೇ ಹೋದ, ಮಗು ಅಂದಿನಿಂದ ಎಲ್ಲಿಗೂ ಬರುತ್ತಿರಲಿಲ್ಲ, ಇವತ್ತು ತಾನಾಗಿ ಇಲ್ಲಿಗೆ ಕರೆದುಕೊಂಡು ಹೋಗು ಎಂದಳು ಎಂದು ಒಂದೇ ಉಸಿರಿಗೆ ಹೇಳಿದ. ದೊಡ್ಡ ರೈಡಿನಲ್ಲಿ ಹೋಗುವ ಆಸೆ ಇವಳಿಗೆ ಮೊದಲಿಂದಲೂ ಇತ್ತಂತೆ, ಕೂರಿಸಿಯೇ ಬಿಡೋಣ ಎಂದ. ಈ ಹುಡುಗಿಯನ್ನು ಅಳೆಯುವ ಅಗತ್ಯವೇ ಇರಲಿಲ್ಲ, ಕಂಬದ ಪಟ್ಟಿ ಅವಳ ಗಲ್ಲಕ್ಕೆ ಬರುವಂತಿತ್ತು. ಅಳತೆಯಕ್ಕ ಹೋಗಮ್ಮ ಎಂದು ಕೈ ತೋರಿಸಬೇಕೆನ್ನುವಷ್ಟರಲ್ಲಿ ಹುಡುಗಿ ತಾನಾಗಿಯೇ ಬಂದು ಕಂಬಕ್ಕೆ ಬೆನ್ನು ಕೊಟ್ಟಳು.

ನಿಂತು, ಅಳತೆಯಕ್ಕನ ಮುಖ ನೋಡುತ್ತಾ, ಮೆಲ್ಲಗೆ ಮೊಣಕಾಲು ಬಗ್ಗಿಸಿದಳು. ಗಲ್ಲ ಇಳಿಯಿತು, ಮೂಗು ಇಳಿಯಿತು, ಹಣೆ ಇಳಿಯಿತು. ಇಷ್ಟೆತ್ತರದವಳು ಅಷ್ಟು ಬಗ್ಗಬೇಕಾದರೆ ಕಾಲು ಎಷ್ಟು ನೋಯಬೇಕು. ಲಂಗದ ಅಂಚು ಇಳಿದು ಇಳಿದು ಶೂ ಮುಚ್ಚಿತು. ನೆತ್ತಿ ಕೆಂಪು ಪಟ್ಟಿಯ ಕೆಳಗೆ ಬಂದು, ಸರಿಯಾಗಿ ಒಂದು ಬೆರಳಿನಷ್ಟು ಜಾಗ ಬಿಟ್ಟು ನಿಂತಿತು. ಚಿಕ್ಕಪ್ಪ, ಏನಿದು, ನೆಟ್ಟಗೆ ನಿಲ್ಲು ಪುಟ್ಟಾ ಎಂದು ಮುಂದೆ ಬಂದ. ಅಳತೆಯಕ್ಕ ಕೈ ಅಡ್ಡ ಹಿಡಿದು ಅವನನ್ನು ತಡೆದಳು.

ಅವಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಬಗ್ಗಿ, ತೋರುಬೆರಳನ್ನು ಹುಡುಗಿಯ ನೆತ್ತಿಗೂ ಪಟ್ಟಿಗೂ ನಡುವೆ ತೂರಿಸಿ, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಅಳೆದಳು.

"ಒಂದು ಬೆರಳು ಕಡಿಮೆ ಕಣಮ್ಮ," ಎಂದಳು. "ಮುಂದಿನ ತಿಂಗಳು ಬಾ."

ಹುಡುಗಿ ತುಟಿ ಮುಂದೆ ಮಾಡಿದಳು. ಹಣೆ ಚಚ್ಚಿಕೊಂಡು ಗೋಳಾಡುವವರು ಯಾರಾದರೂ ಇದ್ದಾರೇನೋ ಎಂಬಂತೆ ಎದುರಿನ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನೆಟ್ಟಗೆ ನಿಂತು, ಏನೂ ಅರ್ಥವಾಗದೆ ನಿಂತಿದ್ದ ಚಿಕ್ಕಪ್ಪನ ಕೈ ಹಿಡಿದು, ಬಾತುಕೋಳಿ ದೋಣಿಗೆ ದಾರಿ ಯಾವ ಕಡೆ ಎಂದು ತೋರಿಸುತ್ತಾ ಕರೆದುಕೊಂಡು ಹೋದಳು.